ಮಳೆನಾಡಿನ ಜೇಬಿಗೊಂದು ಚಾಕು: ದುಬಾರಿ ಮಡಚುವ ಚಾಕುಗಳ ಹೋಲಿಕೆ

ಕಳೆದ ಕೆಲವು ತಿಂಗಳುಗಳಲ್ಲಿ ಮೂವರು ನನ್ನ ಬಳಿ ಒಂದೇ ಪ್ರಶ್ನೆಯನ್ನು ತಂದರು. ಒಬ್ಬರು ಸಕಲೇಶಪುರದ ಕಡೆಯ ಕಾಫಿ ಬೆಳೆಗಾರರು, ಇನ್ನೊಬ್ಬರು ಬೆಂಗಳೂರಿನಲ್ಲಿ ವೈರಿಂಗ್ ಗುತ್ತಿಗೆ ಹಿಡಿಯುವ ಸ್ನೇಹಿತರು, ಮತ್ತೊಬ್ಬ ಜರ್ಮನಿಯಲ್ಲಿ ಓದುತ್ತಿರುವ ನನ್ನ ಅಕ್ಕನ ಮಗ. ಮೂವರಿಗೂ ಬೇಕಾಗಿದ್ದುದು ದಿನವಿಡೀ ಜೇಬಿನಲ್ಲಿರುವ, ಕೆಲಸಕ್ಕೆ ಒದಗುವ, ಇಪ್ಪತ್ತು ವರ್ಷವಾದರೂ ಬಾಳುವ ಒಂದು ಒಳ್ಳೆಯ ಮಡಚುವ ಚಾಕು. ಮೂವರೂ ಹುಡುಕಿ ಹುಡುಕಿ ಅದೇ ನಾಲ್ಕೈದು ಹೆಸರುಗಳ ನಡುವೆ ತೀರ್ಮಾನಕ್ಕೆ ಬಾರದೆ ನಿಂತಿದ್ದರು. ನಾನು ಅಡಿಕೆ ಮತ್ತು ಕಾಳುಮೆಣಸಿನ ತೋಟದಲ್ಲಿ ದುಡಿಯುವವನು. ಈ ಚಾಕುಗಳಲ್ಲಿ ಕೆಲವು ನನ್ನವು, ಕೆಲವನ್ನು ಸ್ನೇಹಿತರಿಂದ ಪಡೆದು ತಿಂಗಳುಗಟ್ಟಲೆ ಬಳಸಿ ಹಿಂದಿರುಗಿಸಿದ್ದೇನೆ. ಆ ಬಳಕೆಯಿಂದ ತಿಳಿದುದನ್ನು ಮೂವರಿಗೂ ಬೇರೆಬೇರೆಯಾಗಿ ಹೇಳುವ ಬದಲು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಬೆಲೆ ಏರಿದಷ್ಟೂ ಚಾಕು ಚೆನ್ನಾಗಿ ಕೊಯ್ಯುತ್ತದೆ ಎಂದು ನಂಬಿ ಹಣ ತೆತ್ತವರಿಗೆ ನಿರಾಶೆ ಖಂಡಿತ. ಸುಮಾರು 20 ಡಾಲರಿಗೆ ಸಿಗುವ ಫ್ರಾನ್ಸಿನ ಒಪಿನೆಲ್ ಚಾಕು ಮಾವಿನಹಣ್ಣನ್ನು ಹೆಚ್ಚುವುದರಲ್ಲಿ 500 ಡಾಲರಿನ ಚಾಕುವಿಗಿಂತ ಒಂದು ಕೈ ಮೇಲೆಯೇ. ಹೆಚ್ಚು ಹಣ ಕೊಟ್ಟಾಗ ಸಿಗುವುದು ಬೇರೆ: ಹರಿತ ಹೆಚ್ಚು ದಿನ ನಿಲ್ಲುವ ಮತ್ತು ತುಕ್ಕಿಗೆ ಬಗ್ಗದ ಉಕ್ಕು, ತೆರೆದ ಅಲಗು ಕೈಮೇಲೆ ಮುಚ್ಚಿಕೊಳ್ಳದಂತೆ ಹಿಡಿದಿಡುವ ಲಾಕ್, ವರ್ಷಗಳು ಕಳೆದರೂ ಅಲುಗಾಡದ ಕೀಲು. ಇವು ನಿಮಗೆ ಎಷ್ಟು ಮುಖ್ಯ ಎಂಬುದರ ಮೇಲೆ ಎಷ್ಟು ಹಣ ಕೊಡಬೇಕು ಎಂಬುದು ನಿಲ್ಲುತ್ತದೆ.

ಅಳೆಯುವುದು ಯಾವುದರಿಂದ

ಎಲ್ಲಕ್ಕಿಂತ ಮೊದಲು ಕಾನೂನು, ಏಕೆಂದರೆ ಅಲ್ಲಿಯೇ ಅರ್ಧ ಆಯ್ಕೆಗಳು ಬಿದ್ದುಹೋಗಬಹುದು. ನಮ್ಮ ದೇಶದ 2016ರ ಆಯುಧ ನಿಯಮಗಳ ಅನುಸೂಚಿಯು 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲವಾದ ಅಲಗುಗಳನ್ನು ಆಯುಧವೆಂದು ಎಣಿಸುತ್ತದೆ; ಮನೆಬಳಕೆ, ಕೃಷಿ ಮತ್ತು ಕೈಗಾರಿಕೆಗಾಗಿ ಮಾಡಿದವನ್ನು ಹೊರಗಿಡುತ್ತದೆ. ನಾವು ಮಾತಾಡುತ್ತಿರುವ ಚಾಕುಗಳಲ್ಲಿ ಯಾವುದರ ಅಲಗೂ 4 ಅಂಗುಲ ದಾಟುವುದಿಲ್ಲ. ಆದರೆ ದೆಹಲಿಯಲ್ಲಿ 1980ರ ಅಧಿಸೂಚನೆಯೊಂದು ಸ್ಪ್ರಿಂಗಿನಿಂದ ಅಥವಾ ಗುಂಡಿ ಒತ್ತಿದರೆ ತೆರೆದುಕೊಳ್ಳುವಂಥ ಚಾಕುಗಳಿಗೆ 7.62 ಸೆಂಟಿಮೀಟರಿನ ಮಿತಿ ಹಾಕಿದೆ. ಆದ್ದರಿಂದ ಗುಂಡಿ ಒತ್ತಿದೊಡನೆ ಚಿಮ್ಮುವ ಚಾಕುಗಳನ್ನು ಈ ಹೋಲಿಕೆಯಿಂದ ಪೂರ್ತಿ ಕೈಬಿಟ್ಟಿದ್ದೇನೆ. ತೋಟದ ಕೆಲಸಕ್ಕೆ ಅವು ಬೇಕಾಗಿಯೂ ಇಲ್ಲ. ವಿಮಾನದೊಳಗೆ ಕೈಚೀಲದಲ್ಲಿ ಯಾವ ಚಾಕುವನ್ನೂ ಬಿಡುವುದಿಲ್ಲ. ಹೊರದೇಶದಲ್ಲಿರುವವರು ಇನ್ನೂ ಎಚ್ಚರದಿಂದಿರಬೇಕು. ಬ್ರಿಟನ್ನಿನಲ್ಲಿ ಸಕಾರಣವಿಲ್ಲದೆ ಜೇಬಿನಲ್ಲಿ ಇಟ್ಟುಕೊಳ್ಳಬಹುದಾದುದು 3 ಅಂಗುಲದೊಳಗಿನ, ಲಾಕ್ ಇಲ್ಲದ ಮಡಚುವ ಚಾಕು ಮಾತ್ರ. ಜರ್ಮನಿಯಲ್ಲಿ ಒಂದೇ ಕೈಯಿಂದ ತೆರೆದು ಲಾಕ್ ಆಗುವ ಚಾಕುವನ್ನು ಸೂಕ್ತ ಕಾರಣವಿಲ್ಲದೆ ಹೊತ್ತು ತಿರುಗುವಂತಿಲ್ಲ. ಅಕ್ಕನ ಮಗ ಮೆಚ್ಚಿಕೊಂಡಿದ್ದ ಮೂರು ಅಮೆರಿಕನ್ ಚಾಕುಗಳೂ ಈ ಒಂದು ನಿಯಮಕ್ಕೇ ಬಿದ್ದುಹೋದವು.

ಎರಡನೆಯದು ಅಲಗಿನ ದಪ್ಪ. ಹೆಚ್ಚಿನವರು ಉಕ್ಕಿನ ಹೆಸರು ನೋಡುತ್ತಾರೆಯೇ ಹೊರತು ದಪ್ಪವನ್ನು ನೋಡುವುದಿಲ್ಲ. ನನ್ನ ದೃಷ್ಟಿಯಲ್ಲಿ ಕೊಯ್ಯುವ ಗುಣವನ್ನು ತೀರ್ಮಾನಿಸುವುದೇ ಇದು. ಮುಂದೆ ಒಂದೊಂದಾಗಿ ನೋಡಲಿರುವ ಚಾಕುಗಳಲ್ಲಿ, ಬೆನ್ನಿನ ಬಳಿ ಒಪಿನೆಲ್ 8ರ ಅಲಗು 2 ಮಿಲಿಮೀಟರಿಗಿಂತ ತೆಳು, ಬೆಂಚ್‌ಮೇಡ್ ಬಗ್‌ಔಟ್ ಸುಮಾರು 2.3, ಕ್ರಿಸ್ ರೀವ್ ಸೆಬೆಂಜಾ ಸುಮಾರು 3.2, ಸ್ಪೈಡರ್ಕೊ ಪ್ಯಾರಾ ಮಿಲಿಟರಿ 2 ಸುಮಾರು 3.7 ಮಿಲಿಮೀಟರ್. ದಪ್ಪ ಅಲಗು ಗಟ್ಟಿ ಪದಾರ್ಥದೊಳಗೆ ಇಳಿಯುವಾಗ ಕೊಯ್ಯುವುದನ್ನು ಬಿಟ್ಟು ಸೀಳತೊಡಗುತ್ತದೆ. ಗಡ್ಡೆ ಗೆಣಸನ್ನು ಹೆಚ್ಚಿ ನೋಡಿದರೆ ಇದು ಒಂದು ನಿಮಿಷದಲ್ಲಿ ತಿಳಿಯುತ್ತದೆ. ತೆಳು ಅಲಗು ಸಲೀಸಾಗಿ ಇಳಿಯುತ್ತದೆ, ಆದರೆ ಅಡ್ಡ ತಿರುಚಿದರೆ ಬಾಯಿ ಮುಕ್ಕಾಗುತ್ತದೆ. ಕಾಳುಮೆಣಸಿನ ಬಳ್ಳಿಗೆ ಕಸಿ ಕಟ್ಟುವಾಗ ಬೇಕಾಗುವ ನುಣ್ಣನೆಯ ಕೊಯ್ತವು ತೆಳು ಅಲಗಿನಿಂದಲೇ ಬರಬೇಕು. ಹನಿ ನೀರಾವರಿಯ ದಪ್ಪ ಪೈಪು ಕೊಯ್ಯುವವರಿಗೆ ಸ್ವಲ್ಪ ದಪ್ಪವಿದ್ದರೆ ಧೈರ್ಯ.

ಮೂರನೆಯದು ಉಕ್ಕು. ಉಕ್ಕಿನಿಂದ ನಾವು ಕೇಳುವುದು ಮೂರು ಗುಣಗಳನ್ನು: ಹರಿತ ನಿಲ್ಲುವುದು, ತುಕ್ಕು ಹಿಡಿಯದಿರುವುದು, ಮುಕ್ಕಾಗದಿರುವುದು. ಒಂದನ್ನು ಹೆಚ್ಚಿಸಿದರೆ ಇನ್ನೊಂದು ತಗ್ಗುವುದು ಹಳೆಯ ತೊಡಕು. ಆ ತೊಡಕನ್ನು ಬಹುಮಟ್ಟಿಗೆ ಸಡಿಲಿಸಿದ್ದು ಪುಡಿ ಉಕ್ಕಿನ ವಿಧಾನ. ಕರಗಿದ ಉಕ್ಕನ್ನು ಅನಿಲದ ರಭಸಕ್ಕೆ ಒಡ್ಡಿ ಪುಡಿಯಾಗಿಸಿ, ಆ ಪುಡಿಯನ್ನು ಕಾವು ಮತ್ತು ಒತ್ತಡದಲ್ಲಿ ಮತ್ತೆ ಬೆಸೆದಾಗ, ಹರಿತವನ್ನು ಕಾಯುವ ಗಡಸು ಕಣಗಳು ದೊಡ್ಡ ಗಂಟುಗಳಾಗದೆ ಸಣ್ಣದಾಗಿ ಎಲ್ಲೆಡೆ ಸಮನಾಗಿ ಹರಡಿಕೊಳ್ಳುತ್ತವೆ. ಅಮೆರಿಕದ ಕ್ರೂಸಿಬಲ್ ಕಂಪನಿ 2001ರಲ್ಲಿ ಚಾಕುಗಳಿಗೆಂದೇ ತಂದ ಎಸ್30ವಿ ಈ ಬಗೆಯದು. ಅದರಲ್ಲಿ ತುಕ್ಕನ್ನು ತಡೆಯುವ ಕ್ರೋಮಿಯಂ ಶೇಕಡಾ 14ರಷ್ಟು, ಗಡಸು ಕಣಗಳನ್ನು ಕೊಡುವ ವನೇಡಿಯಂ ಶೇಕಡಾ 4ರಷ್ಟು ಇದೆ. 2021ರಲ್ಲಿ ಲ್ಯಾರಿನ್ ಥಾಮಸ್ ಎಂಬ ಲೋಹಶಾಸ್ತ್ರಜ್ಞರು ರೂಪಿಸಿದ ಮ್ಯಾಗ್ನಾಕಟ್ ಅದಕ್ಕಿಂತ ಒಂದು ಹೆಜ್ಜೆ ಮುಂದೆ. ಅದರ ಕ್ರೋಮಿಯಂ ಶೇಕಡಾ 11ನ್ನೂ ಮುಟ್ಟುವುದಿಲ್ಲ; ಆದರೂ ತುಕ್ಕನ್ನು ಎಸ್30ವಿಗಿಂತ ಚೆನ್ನಾಗಿ ತಡೆಯುತ್ತದೆ, ಏಕೆಂದರೆ ಇಲ್ಲಿ ಕ್ರೋಮಿಯಂ ಗಡಸು ಕಣಗಳಲ್ಲಿ ಸಿಲುಕಿಕೊಳ್ಳದೆ ಉಕ್ಕಿನೊಳಗೇ ಕರಗಿ ಉಳಿದಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ಮಲೆನಾಡಿನಲ್ಲಿ ಈ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಹಸಿ ಅಡಿಕೆ ಸೀಳಿದ ಅಲಗನ್ನು ಹಾಗೆಯೇ ಮಡಚಿ ಇಟ್ಟರೆ, ಸಾದಾ ಉಕ್ಕು ಅದರ ಒಗರಿಗೆ ಬೆಳಗಾಗುವುದರೊಳಗೆ ಕಪ್ಪಾಗಿರುತ್ತದೆ.

ಉಕ್ಕಿಗೆ ಅಂಟಿಕೊಂಡೇ ಬರುವ ಮಾತು ಮಸೆಯುವುದು. ವನೇಡಿಯಂನ ಗಡಸು ಕಣಗಳು ಸಾಮಾನ್ಯ ಸಾಣೆಕಲ್ಲಿನ ಕಣಗಳಿಗಿಂತ ಗಡಸು. ಎಸ್30ವಿಯನ್ನು ಮನೆಯ ಕಲ್ಲಿನಲ್ಲಿ ಮಸೆಯಲಾಗದೆಂದಲ್ಲ, ಆದರೆ ತಾಳ್ಮೆ ಬೇಕು. ಶೇಕಡಾ 9ರಷ್ಟು ವನೇಡಿಯಂ ಇರುವ ಎಸ್90ವಿಗಂತೂ ವಜ್ರದ ಪುಡಿ ಲೇಪಿಸಿದ ಡೈಮಂಡ್ ಪ್ಲೇಟ್ ಇಲ್ಲದೆ ಕೈಹಾಕಬಾರದು. ಇನ್ನೂ ಮುಖ್ಯವಾದ ಎಚ್ಚರಿಕೆ ಎಂದರೆ ಇಂಥ ಚಾಕುವನ್ನು ಸಾಣೆ ಹಿಡಿಯುವವರ ಒಣಚಕ್ರಕ್ಕೆ ಕೊಡಬೇಡಿ. ಕಿಡಿ ಹಾರುವಾಗ ಬಾಯಿಯ ಅಂಚು ಸುಟ್ಟು, ಕಾರ್ಖಾನೆಯವರು ಅಷ್ಟು ಜತನದಿಂದ ಕೊಟ್ಟ ಹದ ಇಳಿದುಹೋಗುತ್ತದೆ. ಮಸೆಯಲು ಕಲಿಯುವ ಮನಸ್ಸಿಲ್ಲದವರು ದುಬಾರಿ ಉಕ್ಕಿಗೆ ಹಣ ಹಾಕುವುದರಲ್ಲಿ ಅರ್ಥವಿಲ್ಲ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಮೊಂಡಾದ ಮ್ಯಾಗ್ನಾಕಟ್‌ಗಿಂತ ಮಸೆದ ಸಾದಾ ಉಕ್ಕು ಎಷ್ಟೋ ಮೇಲು.

ಇನ್ನು ಲಾಕ್. ಹದಿನೈದು ವರ್ಷಗಳ ಹಿಂದೆ, ಸಂತೆಯಲ್ಲಿ ಕೊಂಡ ಹೆಸರೂ ಇಲ್ಲದ ಅಗ್ಗದ ಚಾಕುವಿನ ಮೊನೆಯಿಂದ ಪೈಪಿಗೆ ತೂತು ಕೊರೆಯುತ್ತಿದ್ದಾಗ, ಲಾಕ್ ಆಗಿದ್ದ ಒಳಗಿನ ತೆಳು ತಗಡು ಜಾರಿ ಅಲಗು ನನ್ನ ತೋರುಬೆರಳ ಮೇಲೆ ಮುಚ್ಚಿಕೊಂಡಿತು. ಮೂರು ಹೊಲಿಗೆ ಬಿದ್ದವು. ಬೆರಳಿನ ತುದಿ ಈಗಲೂ ಚಳಿಗೆ ಮರಗಟ್ಟುತ್ತದೆ. ಅಂದಿನಿಂದ ಲಾಕ್ ವಿಷಯದಲ್ಲಿ ನಾನು ಹಣದ ಮುಖ ನೋಡುವುದಿಲ್ಲ. ಹಾಗೆಂದು ಯಾವ ಲಾಕನ್ನೂ ಪೂರ್ತಿ ನಂಬಿ ಅಲಗಿನ ಬೆನ್ನಿನ ಮೇಲೆ ಭಾರ ಹೇರಬಾರದು. ಗೂಟ ಚೂಪು ಮಾಡುವುದಕ್ಕೆ, ಕೊಂಬೆ ಕಡಿಯುವುದಕ್ಕೆ, ಮೀಟುವುದಕ್ಕೆ ನಮ್ಮೂರಿನ ಕುಲುಮೆಯಲ್ಲಿ ಮಾಡಿಸಿದ ಕತ್ತಿಯೇ ಇದೆ.

ಸೆಬೆಂಜಾ

ಬೆಲೆಯ ತುದಿಯಲ್ಲಿರುವುದು ಕ್ರಿಸ್ ರೀವ್ ಅವರ ಸೆಬೆಂಜಾ. ರೀವ್ ದಕ್ಷಿಣ ಆಫ್ರಿಕಾದಲ್ಲಿ ಚಾಕು ಮಾಡಲು ಆರಂಭಿಸಿ ಅಮೆರಿಕಕ್ಕೆ ಹೋದವರು. ಕಾರ್ಖಾನೆ ಇರುವುದು ಐಡಹೋ ರಾಜ್ಯದ ಬಾಯ್ಸಿಯಲ್ಲಿ. ಜುಲು ಭಾಷೆಯಲ್ಲಿ ಸೆಬೆಂಜಾ ಎಂದರೆ ಕೆಲಸ. ಈ ಚಾಕುವಿನಿಂದ ಪ್ರಪಂಚಕ್ಕೆ ದಕ್ಕಿದ ದೊಡ್ಡ ವಿಚಾರವೆಂದರೆ, ಲಾಕಿಗಾಗಿ ಬೇರೆ ತಗಡು ಇಡದೆ ಟೈಟಾನಿಯಂ ಹಿಡಿಯ ಒಂದು ಬದಿಯನ್ನೇ ಸೀಳಿ, ಅದೇ ಅಲಗಿನ ಬುಡಕ್ಕೆ ಒತ್ತಿ ನಿಲ್ಲುವಂತೆ ಮಾಡಿದ್ದು. ಬಿಗಿಯಾಗಿ ಹಿಡಿದಷ್ಟೂ ಕೈಯ ಒತ್ತಡವೇ ಲಾಕನ್ನು ಭದ್ರಪಡಿಸುತ್ತದೆ. ಈಗಿನ ಸೆಬೆಂಜಾ 31ರಲ್ಲಿ ಲಾಕ್ ತಾಗುವ ಜಾಗದಲ್ಲಿ ಸೆರಾಮಿಕ್ ಗುಂಡು ಕೂರಿಸಿರುವುದರಿಂದ ಸವೆತ ಬಹಳ ಕಡಿಮೆ. ದೊಡ್ಡದರ ಅಲಗು ಸುಮಾರು 92 ಮಿಲಿಮೀಟರ್, ತೂಕ ಸುಮಾರು 135 ಗ್ರಾಂ. ಚಿಕ್ಕದರ ಅಲಗು 76 ಮಿಲಿಮೀಟರ್. ಉಕ್ಕು ಈಗ ಮ್ಯಾಗ್ನಾಕಟ್.

ಈ ಚಾಕುವಿಗೆ ಮನಸೋಲುವುದು ಅದನ್ನು ಬಿಚ್ಚಿದಾಗ. ಕೀಲಿನೊಳಗೆ ಒಂದು ಲೋಹದ ಕೊಳವೆ ಇದ್ದು, ಸ್ಕ್ರೂವನ್ನು ಪೂರ್ತಿ ಬಿಗಿ ಮಾಡಿದರೂ ಅಲಗು ಬಿಗಿಯಾಗುವುದಿಲ್ಲ, ಸಡಿಲವಾಗುವುದೂ ಇಲ್ಲ. ಬೇರೆ ಚಾಕುಗಳಲ್ಲಿ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ, ತೆರೆದು ಮುಚ್ಚಿ ನೋಡಿ, ಮತ್ತೆ ತಿರುಗಿಸಿ ಹೊಂದಿಸಬೇಕು. ಕೆಸರು, ಮರಳು, ಅಡಿಕೆಯ ನಾರು ಸೇರಿಕೊಂಡ ಚಾಕುವನ್ನು ಸಂಜೆ ಕಟ್ಟೆಯ ಮೇಲೆ ಕೂತು ಬಿಚ್ಚಿ, ತೊಳೆದು, ಒಂದು ತೊಟ್ಟು ಎಣ್ಣೆ ಬಿಟ್ಟು ಮತ್ತೆ ಜೋಡಿಸಿದಾಗ ಅದು ಮೊದಲ ದಿನದ ಹಾಗೆಯೇ ಮಡಚಿಕೊಂಡಿತು. ಆ ಕ್ಷಣದಲ್ಲಿ ಈ ಬೆಲೆ ನನಗೆ ಅರ್ಥವಾಯಿತು.

ಆದರೂ ಬೆಲೆ 500 ಡಾಲರಿನ ಆಸುಪಾಸು. ಸುಂಕ, ಸಾಗಣೆ ಸೇರದೆಯೇ 40,000 ರೂಪಾಯಿ ದಾಟುತ್ತದೆ. ಒದ್ದೆ ಕೈಗೆ ನುಣುಪು ಟೈಟಾನಿಯಂ ಅಷ್ಟೇನೂ ಹಿಡಿತ ಕೊಡುವುದಿಲ್ಲ. ವೈರಿಂಗ್ ಮಾಡುವವರಿಗಂತೂ ಪೂರ್ತಿ ಲೋಹದ ಹಿಡಿ ಸಲ್ಲದು. ಎಲ್ಲಕ್ಕಿಂತ ದೊಡ್ಡ ಪ್ರಶ್ನೆ, ಇದನ್ನು ತೋಟದ ಸೊಪ್ಪಿನ ನಡುವೆ ಬೀಳಿಸಿಕೊಂಡರೆ ಸಹಿಸಿಕೊಳ್ಳಬಲ್ಲಿರಾ ಎಂಬುದು. ಕಳೆದೀತೆಂಬ ಭಯಕ್ಕೆ ಬೀರುವಿನಲ್ಲಿಡುವುದಾದರೆ ಕೊಳ್ಳಬೇಡಿ. ಒಂದೇ ಚಾಕುವನ್ನು ಮಗನಿಗೋ ಮಗಳಿಗೋ ಕೊಡುವವರೆಗೆ ಬಳಸುತ್ತೇನೆ ಎನ್ನುವವರಿಗೆ, ಬಿಚ್ಚಿ ಜೋಡಿಸುವ ಕೆಲಸದಲ್ಲಿ ಖುಷಿ ಕಾಣುವವರಿಗೆ ಇದರಷ್ಟು ಒಗ್ಗುವ ಇನ್ನೊಂದನ್ನು ನಾನು ಕಂಡಿಲ್ಲ.

200 ಡಾಲರಿನ ಸುತ್ತಮುತ್ತ

ಹೆಚ್ಚಿನವರು ನಿಜವಾಗಿ ಆರಿಸಬೇಕಾದ ಚಾಕುಗಳು ಇರುವುದು ಈ ಮಟ್ಟದಲ್ಲಿ. ಅಮೆರಿಕದ ಕೊಲೊರಾಡೊ ರಾಜ್ಯದ ಸ್ಪೈಡರ್ಕೊ 1981ರಲ್ಲಿ ವರ್ಕರ್ ಎಂಬ ಚಾಕುವಿನಲ್ಲಿ, ಹೆಬ್ಬೆರಳಿನಿಂದ ತೆರೆಯಲು ಅಲಗಿನಲ್ಲೊಂದು ದುಂಡು ತೂತು ಮತ್ತು ಜೇಬಿಗೆ ಸಿಕ್ಕಿಸುವ ಕ್ಲಿಪ್ ಎರಡನ್ನೂ ತಂದ ಕಂಪನಿ. ಇಂದು ಜೇಬುಚಾಕು ಎಂದರೆ ನಮ್ಮ ಕಣ್ಣಿಗೆ ಕಟ್ಟುವ ರೂಪವೇ ಅಲ್ಲಿಂದ ಬಂದದ್ದು. ಅದರ ಪ್ಯಾರಾ ಮಿಲಿಟರಿ 2ರ ಲಾಕ್ ಹಿಡಿಯ ಬೆನ್ನಿನ ಕಡೆ ಇದೆ. ಹಾಗಾಗಿ ಮುಚ್ಚುವಾಗ ಬೆರಳುಗಳು ಅಲಗಿನ ದಾರಿಗೆ ಅಡ್ಡ ಬರುವುದಿಲ್ಲ. ಬೆರಳು ಕೊಯ್ದುಕೊಂಡ ನನ್ನಂಥವನಿಗೆ ಇದು ಬಹಳ ದೊಡ್ಡ ಸಮಾಧಾನ. ಗಾಜಿನ ನಾರನ್ನು ಅಂಟಿನಲ್ಲಿ ಬೆಸೆದು ಮಾಡುವ ಜಿ-10 ಎಂಬ ವಸ್ತುವಿನ ಒರಟು ಹಿಡಿ ಮಳೆಯಲ್ಲೂ ಜಾರುವುದಿಲ್ಲ, ಉಕ್ಕು ಎಸ್30ವಿಯ ವಂಶದ ಎಸ್45ವಿಎನ್, ತೂಕ ಸುಮಾರು 110 ಗ್ರಾಂ. ಬೆನ್ನು ದಪ್ಪವಿದ್ದರೂ ಅಲಗನ್ನು ಬೆನ್ನಿನಿಂದ ಬಾಯಿಯವರೆಗೆ ಸಪಾಟಾಗಿ ಇಳಿಸಿರುವುದರಿಂದ ಆ ದಪ್ಪಕ್ಕೆ ಅದು ಚೆನ್ನಾಗಿಯೇ ಕೊಯ್ಯುತ್ತದೆ. ಮೊನೆ ಮಾತ್ರ ಸಪೂರ. ಡಬ್ಬಿಯ ಮುಚ್ಚಳ ಮೀಟಲು ಹೋಗಿ ಮುರಿದುಕೊಂಡವರಿದ್ದಾರೆ. ಚಾಕು ಅಗಲವಾದ್ದರಿಂದ ಜೇಬಿನ ಬಹುಪಾಲನ್ನು ಅದೇ ತುಂಬುತ್ತದೆ ಎಂಬುದನ್ನೂ ಗಮನಿಸಬೇಕು.

ಅಮೆರಿಕದ್ದೇ ಆದ ಆರೆಗನ್ ರಾಜ್ಯದ ಬೆಂಚ್‌ಮೇಡ್ 2017ರಲ್ಲಿ ತಂದ ಬಗ್‌ಔಟ್ ಇದಕ್ಕೆ ತದ್ವಿರುದ್ಧ. ತೂಕ ಸುಮಾರು 52 ಗ್ರಾಂ ಮಾತ್ರ. ಪ್ಯಾರಾ ಮಿಲಿಟರಿಯ ಅರ್ಧದಷ್ಟೂ ಇಲ್ಲ. ಪಂಚೆ ಉಡುವವರು, ಅಂಗಿಯ ಜೇಬಿನಲ್ಲಿ ಇಡುವವರು, ಚೂಡಿದಾರದ ಸಣ್ಣ ಜೇಬನ್ನೇ ನಂಬಿದವರು ಇದನ್ನೊಮ್ಮೆ ಕೈಗೆತ್ತಿಕೊಂಡರೆ ಬೇರೆಯದನ್ನು ಕೇಳಲಾರರು. ಅಲಗು 82 ಮಿಲಿಮೀಟರ್ ಉದ್ದ, ತೆಳುವಾದ್ದರಿಂದ ಹಣ್ಣು, ಹಗ್ಗ, ಗೋಣಿ, ರಟ್ಟು ಎಲ್ಲದರಲ್ಲೂ ಸಲೀಸು. ಅಡ್ಡಕಂಬಿಯ ಲಾಕನ್ನು ಎರಡೂ ಬದಿಯಿಂದ ಎಳೆಯಬಹುದಾದ್ದರಿಂದ ಎಡಗೈಯವರಿಗೆ ನಾನು ಮೊದಲು ಹೇಳುವ ಹೆಸರು ಇದೇ. ಕೊರತೆಯೂ ಆ ಹಗುರದಲ್ಲೇ ಇದೆ. ಪ್ಲಾಸ್ಟಿಕ್ ಜಾತಿಯ ಹಿಡಿಯನ್ನು ಬಲವಾಗಿ ಅಮುಕಿದರೆ ಬಾಗುವುದು ತಿಳಿಯುತ್ತದೆ. ಗಂಟೆಗಟ್ಟಲೆ ಹಿಡಿದು ಕೆಲಸ ಮಾಡಿದರೆ ತೆಳು ಹಿಡಿ ಅಂಗೈಯನ್ನು ನೋಯಿಸುತ್ತದೆ. ಲಾಕಿನ ಕಂಬಿಯನ್ನು ಹಿಡಿದಿರುವ ಕೂದಲಿನಂಥ ಎರಡು ಸ್ಪ್ರಿಂಗುಗಳಲ್ಲಿ ಒಂದು ಎಂದಾದರೂ ಮುರಿಯಬಹುದು. ಒಂದು ಮುರಿದರೂ ಲಾಕ್ ನಡೆಯುತ್ತದೆ, ಆದರೆ ಅಮೆರಿಕದಲ್ಲಿ ಇರುವವರಿಗೆ ಸುಲಭವಾದ ರಿಪೇರಿ ನಮಗೆ ಅಂಚೆ ಮತ್ತು ಸುಂಕದ ತಾಪತ್ರಯವಾಗುತ್ತದೆ.

ಮಲೆನಾಡು, ಕರಾವಳಿಯವರು ಇವೆರಡಕ್ಕಿಂತ ಮೊದಲು ನೋಡಬೇಕಾದದ್ದು ಸ್ಪೈಡರ್ಕೊದ ಸಾಲ್ಟ್ ಸಾಲು. ಉಪ್ಪುನೀರಿನಲ್ಲಿ ಕೆಲಸ ಮಾಡುವವರಿಗಾಗಿಯೇ ಮಾಡಿದ ಈ ಚಾಕುಗಳಲ್ಲಿ ಕೆಲವು ಸಾರಜನಕ ಬೆರೆಸಿದ, ತುಕ್ಕು ಹಿಡಿಯದ ಉಕ್ಕಿನವು, ಕೆಲವು ಮ್ಯಾಗ್ನಾಕಟ್‌ನವು. ಅವುಗಳಲ್ಲಿ ನೇಟಿವ್ 5 ಸಾಲ್ಟ್ ನನಗೆ ಹೆಚ್ಚು ಒಪ್ಪಿತವಾಯಿತು: 75 ಮಿಲಿಮೀಟರಿನ ಆಸುಪಾಸಿನ ಅಲಗು, ಬೆನ್ನಲ್ಲಿ ಒತ್ತಿ ಬಿಡಿಸುವ ಹಳೆಯ ಬಗೆಯ ಗಟ್ಟಿ ಲಾಕ್, ನಾರು ಬೆರೆಸಿದ ನೈಲಾನ್ ಹಿಡಿ, ದೂರದಿಂದಲೇ ಕಾಣುವ ಹಳದಿ ಬಣ್ಣ. ಸೊಪ್ಪಿನಲ್ಲಿ ಬಿದ್ದರೆ ಹುಡುಕಿ ತೆಗೆಯಲು ಆ ಬಣ್ಣದಷ್ಟು ಉಪಕಾರಿ ಬೇರೊಂದಿಲ್ಲ. ಸೆಬೆಂಜಾದ ಉಕ್ಕೇ ಅದರ ಮೂರನೆಯ ಒಂದು ಭಾಗದಷ್ಟು ಬೆಲೆಗೆ ಸಿಕ್ಕಂತಾಯಿತು. ನೋಡಲು ಆಟಿಕೆಯಂತಿದೆ, ಕೊಡುಗೆಯಾಗಿ ಕೊಟ್ಟರೆ ಯಾರೂ ಬೆಲೆ ಊಹಿಸಲಾರರು. ಸಕಲೇಶಪುರದವರಿಗೆ ನಾನು ಹೇಳಿದ್ದು ಇದನ್ನೇ.

ಕಡಿಮೆ ಬೆಲೆಯ ಎರಡು ಹಳಬರು

ದುಬಾರಿ ಚಾಕುಗಳ ಹೋಲಿಕೆಯಲ್ಲಿ ಇವನ್ನು ಸೇರಿಸಿದ್ದಕ್ಕೆ ಕಾರಣವಿದೆ: ಇವನ್ನು ಬಳಸದೆ ಮೇಲಿನವಕ್ಕೆ ಹಣ ಕೊಡಬಾರದು. ಜೋಸೆಫ್ ಒಪಿನೆಲ್ 1890ರಲ್ಲಿ ಫ್ರಾನ್ಸಿನ ಸವೊಯ್ ಪ್ರಾಂತ್ಯದಲ್ಲಿ ರೂಪಿಸಿದ ಚಾಕುವಿಗೆ 1955ರಲ್ಲಿ ತಿರುಗಿಸುವ ಬಳೆಯ ಲಾಕ್ ಬಂತು. ಉಳಿದಂತೆ ಅದು ಇಂದಿಗೂ ಮರದ ಹಿಡಿಯ ಸರಳ ಚಾಕು. ಅಲಗಿನ ತೆಳುವಿನಲ್ಲಿ ಇದಕ್ಕೆ ಸಾಟಿಯಿಲ್ಲ, ಮನೆಯ ಕಲ್ಲಿನಲ್ಲಿ ಐದು ನಿಮಿಷಕ್ಕೆ ಹರಿತವಾಗುತ್ತದೆ. ಆದರೆ ಬೀಚ್ ಮರದ ಹಿಡಿ ಮಳೆಗಾಲದಲ್ಲಿ ನೀರು ಕುಡಿದು ಉಬ್ಬಿ, ಅಲಗು ತೆರೆಯಲು ಬಾರದಂತೆ ಕಚ್ಚಿಕೊಳ್ಳುತ್ತದೆ. ಅಗಸೆ ಎಣ್ಣೆ ಕುಡಿಸಿದರೆ ಸ್ವಲ್ಪ ತಡೆದೀತು. ಬಯಲುಸೀಮೆಯವರಿಗೆ ಈ ತೊಂದರೆ ಅಷ್ಟಿಲ್ಲ.

ಸ್ವಿಟ್ಜರ್ಲೆಂಡಿನ ವಿಕ್ಟೊರಿನಾಕ್ಸ್ ಮಾಡುವ, ಅಲ್ಯುಮಿನಿಯಂ ಹಿಡಿಯ ಫಾರ್ಮರ್ ಎಂಬ 93 ಮಿಲಿಮೀಟರಿನ ಚಾಕುವಿನಲ್ಲಿ ಅಲಗಿನ ಜೊತೆಗೆ ಮರ ಕೊಯ್ಯುವ ಗರಗಸ, ತೂತು ಕೊರೆಯುವ ಮೊಳೆ, ಡಬ್ಬಿ ತೆರೆಯುವ ಮತ್ತು ಸ್ಕ್ರೂ ತಿರುಗಿಸುವ ಸಲಕರಣೆಗಳಿವೆ. ಉಕ್ಕಿನ ಗಡಸುತನ ರಾಕ್‌ವೆಲ್ ಎಂಬ ಅಳತೆಯಲ್ಲಿ 56. ದುಬಾರಿ ಚಾಕುಗಳು 60ರ ಆಸುಪಾಸಿನಲ್ಲಿ ಅಥವಾ ಅದಕ್ಕಿಂತ ಮೇಲೆ ಇರುತ್ತವೆ. ಹಾಗಾಗಿ ಇದರ ಹರಿತ ಬೇಗ ಇಳಿಯುತ್ತದೆ, ಅಷ್ಟೇ ಬೇಗ ಮರಳಿ ಬರುತ್ತದೆ. ಲಾಕ್ ಇಲ್ಲ, ಎರಡೂ ಕೈಯಿಂದ ತೆರೆಯಬೇಕು. ಏಣಿಯ ಮೇಲೆ ಒಂದು ಕೈಯಲ್ಲಿ ಬಳ್ಳಿ ಹಿಡಿದು ನಿಂತವರಿಗೆ ಅದು ಕೊರತೆ. ಜರ್ಮನಿಯಲ್ಲಿರುವ ಅಕ್ಕನ ಮಗನಿಗೆ ಅದೇ ಅನುಕೂಲವಾಯಿತು. 500 ಡಾಲರ್ ಕೂಡಿಟ್ಟಿದ್ದ ಅವನು ಅದರ ಹತ್ತನೆಯ ಒಂದು ಭಾಗದಷ್ಟು ಖರ್ಚು ಮಾಡಿ ಇದನ್ನು ಕೊಂಡ.

ವೈರಿಂಗ್ ಸ್ನೇಹಿತರಿಗೆ ನಾನು ಕೊಟ್ಟ ಉತ್ತರ ಅವರಿಗೆ ಮೊದಲು ರುಚಿಸಲಿಲ್ಲ. ಗೋಡೆಯ ಗಾರೆ, ರಟ್ಟು, ಪಿವಿಸಿ ಪೈಪು, ತಂತಿಯ ಸಿಪ್ಪೆ ಇವೆಲ್ಲ ಯಾವ ಉಕ್ಕನ್ನಾದರೂ ಒಂದು ದಿನದಲ್ಲಿ ಮೊಂಡು ಮಾಡುತ್ತವೆ. ಅಂಥ ಕೆಲಸಕ್ಕೆ ಅಲಗು ಬದಲಿಸುವ ಸಾಮಾನ್ಯ ಕಟರೇ ಸರಿ. ಅದರ ಜೊತೆಗೆ ಉಳಿದ ಕೆಲಸಕ್ಕೆ ಒಂದು ಚಾಕು ಬೇಕೇ ಬೇಕೆಂದರೆ ಬಗ್‌ಔಟ್ ಸಾಕು ಎಂದೆ. ಅದರ ಹಿಡಿ ಲೋಹದ್ದಲ್ಲ. ಹಾಗೆಂದು ಕರೆಂಟ್ ಹರಿಯುವ ತಂತಿಗೆ ಅದನ್ನು ಮುಟ್ಟಿಸಬಾರದು.

ಕೊಳ್ಳುವ ಕಡೆಗೆ ಬಂದರೆ, ಈ ಎಲ್ಲ ಹೆಸರುಗಳ ನಕಲಿಗಳು ಆನ್‌ಲೈನ್ ಅಂಗಡಿಗಳಲ್ಲಿ ಧಾರಾಳವಾಗಿವೆ. ಅಲಗಿನ ಮೇಲೆ ಉಕ್ಕಿನ ಹೆಸರು ಕೊರೆಯುವುದು ಯಾರಿಗೂ ಕಷ್ಟವಲ್ಲ. ಮೂರು ಸಾವಿರ ರೂಪಾಯಿಗೆ ಸಿಗುವ ಸೆಬೆಂಜಾ ಸೆಬೆಂಜಾ ಅಲ್ಲ. ತಯಾರಕರು ತಮ್ಮ ಮಾರಾಟಗಾರರೆಂದು ಹೆಸರಿಸಿದವರಿಂದಲೇ ಕೊಳ್ಳಿ, ಇಲ್ಲವೇ ವಿದೇಶದಿಂದ ಬರುವ ನಂಟರ ಚೆಕ್-ಇನ್ ಪೆಟ್ಟಿಗೆಯಲ್ಲಿ ಬಿಲ್ಲಿನ ಸಮೇತ ತರಿಸಿಕೊಳ್ಳಿ. ಕೈಗೆ ಬಂದ ಕೂಡಲೇ ಅಲಗನ್ನು ತೆರೆದು ಮೇಲೆ ಕೆಳಗೆ, ಅಕ್ಕಪಕ್ಕ ಮೆಲ್ಲಗೆ ಅಲುಗಿಸಿ ನೋಡಿ. ಮುಚ್ಚಿದಾಗ ಅಲಗು ಹಿಡಿಯ ನಟ್ಟನಡುವೆ ಕೂರುತ್ತದೆಯೇ ಗಮನಿಸಿ. ಯಾವ ಚಾಕು ಆರಿಸಿದರೂ ಅದರ ಬೆಲೆಯ ಜೊತೆಗೆ ಎರಡು ಸಾವಿರ ರೂಪಾಯಿಯಷ್ಟನ್ನು ಮೊದಲೇ ಬೇರೆ ಎತ್ತಿಟ್ಟು, ನುಣುಪು ಮತ್ತು ಒರಟು ಎರಡೂ ಬದಿಯಿರುವ ಒಂದು ಡೈಮಂಡ್ ಪ್ಲೇಟ್ ಕೊಳ್ಳಿ. ಮೊದಲ ಒಂದು ತಿಂಗಳು ಮನೆಯ ತರಕಾರಿ ಚಾಕುವನ್ನು ಅದರ ಮೇಲೆ ಮಸೆದು ಕೈ ಪಳಗಿಸಿಕೊಂಡು, ಆಮೇಲೆ ಹೊಸದನ್ನು ಆ ಪ್ಲೇಟಿಗೆ ಇಡಿ.